ಊರು ಬದಲಾದರೆ ಐಸೂ ಬೇರೆ

ಐಸ್ ಫಿಶಿಂಗ್, ಅಂದರೆ ಹೆಪ್ಪುಗಟ್ಟಿದ ಸರೋವರದ ಮೇಲೆ ತೂತು ಕೊರೆದು ಮೀನು ಹಿಡಿಯುವ ಹುಚ್ಚು, ಹತ್ತಿಸಿಕೊಂಡವರು ಹೊಸ ಹಳ್ಳಿಗೆ ಮನೆ ಬದಲಿಸಿದಾಗ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ಇಲ್ಲಿ ಮೀನು ಎಲ್ಲಿ ಸಿಗುತ್ತೆ? ಈ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ನನಗೆ ಒಂಥರಾ ಕಸಿವಿಸಿ. ಮೀನು ಎಲ್ಲಿದೆ ಅನ್ನುವುದು ಜನವರಿ ಹೊತ್ತಿಗೆ ಹೇಗೂ ತಿಳಿಯುತ್ತದೆ. ಅಷ್ಟರಲ್ಲಿ ಸರೋವರದ ಮೇಲೆ ಸಾಲುಸಾಲು ಗುಡಾರಗಳು ಎದ್ದಿರುತ್ತವೆ, ರೆಸಾರ್ಟಿನವರು ಹಿಮ ಬಳಿದು ದಾರಿ ಮಾಡಿರುತ್ತಾರೆ. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಈ ನೀರು ಯಾವ ದಡದಿಂದ ಹೆಪ್ಪುಗಟ್ಟುತ್ತಾ ಬರುತ್ತದೆ? ಯಾವ ದಿಕ್ಕಿನ ಗಾಳಿಗೆ ಬಿರಿಯುತ್ತದೆ? ಹೊಳೆ ಎಲ್ಲಿ ಬಂದು ಸೇರುತ್ತದೆ? ಹೋದ ವರ್ಷ ಯಾರ ಗಾಡಿ ಎಲ್ಲಿ ಮುಳುಗಿತು? ಇವನ್ನು ಕೇಳುವವರು ಕಡಿಮೆ. ಗಾಳ ಹಾಕುವ ಕೈ ಊರಿಂದ ಊರಿಗೆ ನಮ್ಮ ಜೊತೆಗೇ ಬರುತ್ತದೆ. ಐಸನ್ನು ಓದುವ ಕಣ್ಣು ಅಷ್ಟು ಸಲೀಸಾಗಿ ಬರುವುದಿಲ್ಲ, ಅದು ಹಳೆಯ ಸರೋವರದ ಲೆಕ್ಕಕ್ಕೇ ಒಗ್ಗಿಹೋಗಿರುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದು ಸ್ಥಳಾಂತರವನ್ನೇ ಎತ್ತಿಕೊಳ್ಳೋಣ. ವಿಸ್ಕಾನ್ಸಿನ್‌ನ ಮ್ಯಾಡಿಸನ್ನಿನಲ್ಲಿ, ಮೆಂಡೋಟಾ ಸರೋವರದ ಮೇಲೆ ಪಳಗಿದವರೊಬ್ಬರು ಉತ್ತರ ಮಿನ್ನೆಸೋಟದ ವಾಸ್ಕಿಶ್ ಅಥವಾ ಕೆಲಿಹರ್ ಕಡೆಗೆ ಬಂದು ನೆಲೆಸಿದರು ಅಂದುಕೊಳ್ಳಿ. ಎದುರಿಗೇ ಅಪ್ಪರ್ ರೆಡ್ ಲೇಕ್. ಒಂದು ದಿನದ ಡ್ರೈವ್ ಅಷ್ಟೆ. ಐಸ್ ಕೊರೆಯುವ ಅದೇ ಆಗರ್, ಅದೇ ಗಾಳಕೋಲು, ಅದೇ ಬೂಟು. ಆದರೂ ಮೆಂಡೋಟಾದಲ್ಲಿ ಕಲಿತದ್ದರಲ್ಲಿ ಅರ್ಧದಷ್ಟು ಇಲ್ಲಿ ತಲೆಕೆಳಗು.

ಆಳ ಕಡಿಮೆ, ಬಯಲು ದೊಡ್ಡದು

ಮೆಂಡೋಟಾದ ಅತಿ ಆಳದ ಜಾಗ 83 ಅಡಿ. ಅಪ್ಪರ್ ರೆಡ್ ಬಹುಪಾಲು ಕಡೆ 15 ಅಡಿಯ ಒಳಗೇ. ಸಿಹಿನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಭಾರ. ಹಾಗಾಗಿ ಇಡೀ ಸರೋವರ ಮೇಲಿನಿಂದ ತಳದವರೆಗೆ 4 ಡಿಗ್ರಿಗೆ ಇಳಿಯುವವರೆಗೂ ಮೇಲೆ ತಣ್ಣಗಾದ ನೀರು ಕೆಳಗಿಳಿಯುತ್ತಲೇ ಇರುತ್ತದೆ. ಆಮೇಲಷ್ಟೇ ಮೇಲ್ಪದರ ಮೇಲೆಯೇ ನಿಂತು ಹೆಪ್ಪುಗಟ್ಟುವುದು. ಆಳದ ಸರೋವರ ಬೇಸಿಗೆಯ ಶಾಖವನ್ನು ಬಿಟ್ಟುಕೊಡಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ, ಆಳವಿಲ್ಲದ್ದು ನಾಲ್ಕು ಚಳಿರಾತ್ರಿಗೆ ಸೋಲುತ್ತದೆ. ಮೆಂಡೋಟಾ ಕಟ್ಟಿಕೊಳ್ಳುವುದು ಸಾಮಾನ್ಯವಾಗಿ ಡಿಸೆಂಬರ್ ಕೊನೆಯ ಹೊತ್ತಿಗಾದರೆ, ಅಪ್ಪರ್ ರೆಡ್ ಮೇಲೆ ನವೆಂಬರಿನಲ್ಲೇ ಜನ ಓಡಾಡುತ್ತಾರೆ. ರಾಜ್ಯದಲ್ಲೇ ಮೊದಲ ಐಸ್ ಸಿಗುವ ದೊಡ್ಡ ನೀರುಗಳಲ್ಲಿ ಇದೂ ಒಂದಾದ್ದರಿಂದ ದಕ್ಷಿಣದ ಊರುಗಳಿಂದೆಲ್ಲ ಗಾಡಿ ಕಟ್ಟಿಕೊಂಡು ಬರುತ್ತಾರೆ.

ಹೊಸಬರು ಎಡವುವುದು ಇಲ್ಲೇ. ಬೇಗ ಕಟ್ಟಿದ ಐಸ್ ಎಂದರೆ ಗಟ್ಟಿ ಐಸ್ ಎಂದಲ್ಲ. ನಾಲ್ಕೈದು ಇಂಚಿನ ಒಳ್ಳೆಯ ಕಪ್ಪು ಐಸ್ (ಹಿಮ ಬೆರೆಯದ ತಿಳಿ ಐಸ್) ಒಬ್ಬ ಮನುಷ್ಯನನ್ನು ಸಲೀಸಾಗಿ ಹೊರುತ್ತದೆ, ನಿಜ. ಆದರೆ ಮೈಲಿಗಟ್ಟಲೆ ಅಡ್ಡಿಯಿಲ್ಲದ ಬಯಲಿನಲ್ಲಿ ಆ ಪದರ ದಡಕ್ಕೆ ಬಿಗಿಯಾಗಿ ಅಂಟಿಕೊಂಡಿದೆಯೇ ಅನ್ನುವುದು ಬೇರೆಯೇ ಪ್ರಶ್ನೆ. ನಡುಸರೋವರದಲ್ಲಿ ಇನ್ನೂ ನೀರು ತೆರೆದೇ ಇದ್ದು ದಡದಿಂದ ಆ ಕಡೆಗೆ ಗಾಳಿ ಬೀಸಿತೆಂದರೆ ಇಡೀ ಹಾಳೆಯೇ ಕಿತ್ತುಕೊಂಡು ಹೊರಡುತ್ತದೆ. 2022ರ ನವೆಂಬರ್ 28ರಂದು ಇದೇ ಅಪ್ಪರ್ ರೆಡ್ ಮೇಲೆ ಆದದ್ದು ಅದೇ: ಸುಮಾರು 200 ಜನ ಕೂತಿದ್ದ ಐಸ್ ದಡದಿಂದ ಬೇರ್ಪಟ್ಟು ತೇಲಲಾರಂಭಿಸಿತು. ತೊಂದರೆ ತಂದದ್ದು ಹಾಳೆ ಸರಿದದ್ದು ಅನ್ನುವುದು ಗಮನಿಸಬೇಕಾದ ಸಂಗತಿ. ಕೊರೆದು ಅಳೆದರೆ ಇದು ತಿಳಿಯುವುದಿಲ್ಲ. ಅಳತೆಪಟ್ಟಿ ಹೇಳುವುದು ದಪ್ಪ ಮಾತ್ರ. ಗಾಳಿ ಯಾವ ಕಡೆಗೆ, ನೀರು ಎಲ್ಲಿ ತೆರೆದಿದೆ, ದಡದ ಬಿರುಕು ಎಷ್ಟು ಅಗಲವಾಗುತ್ತಿದೆ ಅನ್ನುವುದನ್ನು ಅದು ಹೇಳುವುದಿಲ್ಲ. ಎಲ್ಲರನ್ನೂ ಸುರಕ್ಷಿತವಾಗಿ ದಡಕ್ಕೆ ತಂದರು. ಮರುವರ್ಷ, 2023ರ ಕೊನೆಯಲ್ಲಿ, ಅದೇ ಸರೋವರದಲ್ಲಿ ಮತ್ತೆ ನೂರಕ್ಕೂ ಮಿಕ್ಕಿ ಜನ ಹೀಗೇ ಸಿಕ್ಕಿಹಾಕಿಕೊಂಡರು. ಆ ಚಳಿಗಾಲ ಬೆಚ್ಚಗಿತ್ತು, ಡಿಸೆಂಬರ್ ಮುಗಿದರೂ ಐಸ್ ನೆಲೆ ನಿಂತಿರಲಿಲ್ಲ. ಕ್ಯಾಲೆಂಡರ್ ನೋಡಿ ಐಸಿಗಿಳಿಯುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಹಾಗಾಗಿ ಹೊಸ ಊರಿನ ಮೊದಲ ನವೆಂಬರಿನಲ್ಲಿ ನೋಡಬೇಕಾದ್ದು ಹವಾಮಾನ ವರದಿಯ ಉಷ್ಣಾಂಶದ ಸಾಲಿಗಿಂತ ಮೊದಲು ಗಾಳಿಯ ಸಾಲು. ನೀವು ನಿಂತ ದಡದಿಂದ ಸರೋವರದ ಒಳಕ್ಕೆ ಬೀಸುವ ಗಾಳಿಯಿದ್ದು ಎದುರಿಗೆ ತೆರೆದ ನೀರಿದ್ದರೆ ಆ ದಿನ ಮನೆಯಲ್ಲಿರುವುದೇ ವಾಸಿ, ಐಸ್ ಎಷ್ಟೇ ಇಂಚಿರಲಿ.

ಹಾರೆ ಹಿಡಿದು ನಡೆಯುವುದು

ಗಾಳದ ಎರೆ ಮಾರುವ ಬೇಟ್ ಅಂಗಡಿಯಲ್ಲಿ "ಐಸ್ ಹೇಗಿದೆ?" ಅಂತ ಕೇಳಿದರೆ "ಜನ ಹೋಗ್ತಾ ಇದಾರೆ" ಅನ್ನುವ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಕೇಳುವ ರೀತಿ ಬದಲಿಸಬೇಕು: ಇವತ್ತು ಬೆಳಿಗ್ಗೆ ಯಾವ ಇಳಿದಾಣದಿಂದ ಹೋದರು, ನಡೆದುಕೊಂಡೋ ಹಿಮದ ಮೇಲೆ ಓಡುವ ಸ್ನೋಮೊಬೈಲಿನಲ್ಲೋ, ಎಷ್ಟು ದೂರದವರೆಗೆ, ಕೊನೆಯ ಗುಂಪು ಅಳೆದಾಗ ಎಷ್ಟಿತ್ತು, ಬಿರುಕನ್ನು ಎಲ್ಲಿ ದಾಟಿದರು. ಇಂಥ ಪ್ರಶ್ನೆ ಕೇಳುವವರಿಗೆ ಕೌಂಟರಿನ ಆಚೆಯವರೂ ಮನಸ್ಸು ಬಿಚ್ಚಿ ಹೇಳುತ್ತಾರೆ. ಮೀನಿನ ಜಾಗ ಕೇಳಿದರೆ ಬಿಗಿಯುವ ಬಾಯಿ ಐಸಿನ ವಿಷಯಕ್ಕೆ ತೆರೆದುಕೊಳ್ಳುತ್ತದೆ. ಹೊಸಬ ಮುಳುಗಿದರೆ ಹಗ್ಗ ಹಿಡಿದು ಓಡಬೇಕಾದವರೂ ಅವರೇ ತಾನೆ.

ಅಷ್ಟು ಕೇಳಿಕೊಂಡ ಮೇಲೂ ನಂಬಬೇಕಾದ್ದು ಕೈಯಲ್ಲಿರುವ ಸ್ಪಡ್ ಬಾರನ್ನು. ನಾಲ್ಕೈದು ಅಡಿ ಉದ್ದದ, ತುದಿಯಲ್ಲಿ ಉಳಿಯಂಥ ಅಲಗಿರುವ ಭಾರದ ಹಾರೆ ಅದು. ಮೇಲ್ತುದಿಯ ಹಗ್ಗದ ಕುಣಿಕೆಯನ್ನು ಮುಂಗೈಗೆ ಹಾಕಿಕೊಳ್ಳದಿದ್ದರೆ ತೆಳುವಾದ ಜಾಗದಲ್ಲಿ ಒಂದು ಏಟಿಗೆ ತೂತುಬಿದ್ದು ಹಾರೆ ನೇರ ತಳಕ್ಕೆ ಹೋಗುತ್ತದೆ. ನಡೆಯುವಾಗ ಪಾದದ ಪಕ್ಕಕ್ಕೆ ಕುಟ್ಟುವುದಲ್ಲ, ಎರಡು ಮೂರು ಅಡಿ ಮುಂದಕ್ಕೆ ಎತ್ತಿ ಬಲವಾಗಿ ಇಳಿಸಬೇಕು. ಒಂದೇ ಜಾಗಕ್ಕೆ ಎರಡು ಏಟು. ಗಟ್ಟಿ ಐಸಿನಲ್ಲಿ ಹಾರೆ ಮೇಲಕ್ಕೆ ಪುಟಿಯುತ್ತದೆ, ಬಿಳಿ ಚಕ್ಕೆ ಹಾರುತ್ತದೆ, ಸದ್ದು ಗಡುಸಾಗಿರುತ್ತದೆ. ತೆಳುವಾಗುತ್ತಾ ಬಂದಂತೆ ಸದ್ದು ಬೊದ್ದಾಗುತ್ತದೆ, ಹಾರೆ ಪುಟಿಯದೆ ಕಚ್ಚಿಕೊಳ್ಳುತ್ತದೆ. ಮೊದಲ ಏಟಿಗೆ ನೀರು ಚಿಮ್ಮಿತೋ, ಅಲ್ಲೇ ತಿರುಗಿ ಬಂದ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ವಾಪಸು. ಕಾಲು ಎತ್ತದೆ ಜಾರಿಸುತ್ತಾ ಬರುವುದು ಒಳ್ಳೆಯದು. ದಡದಿಂದ ಪ್ರತಿ 150 ಅಡಿಗೊಮ್ಮೆ ಒಂದು ತೂತು ಕೊರೆದು ಅಳೆಯಿರಿ ಅನ್ನುತ್ತದೆ ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ. ಅಳೆಯುವಾಗ ಪಟ್ಟಿಯ ತುದಿಯ ಕೊಕ್ಕೆಯನ್ನು ಐಸಿನ ಅಡಿಭಾಗಕ್ಕೆ ಸಿಕ್ಕಿಸಿ ಎಳೆದು ಓದಬೇಕು; ತೂತಿನೊಳಗೆ ಅಂದಾಜಿಗೆ ಇಳಿಬಿಟ್ಟರೆ ಎರಡು ಇಂಚು ಹೆಚ್ಚೇ ಕಾಣುತ್ತದೆ, ಮನಸ್ಸಿಗೆ ಬೇಕಾದ್ದೂ ಅದೇ ಆಗಿರುತ್ತದೆ.

ವಾಸ್ಕಿಶ್‌ನಲ್ಲಿ ಟ್ಯಾಮರಾಕ್ ಹೊಳೆ ಬಂದು ಸರೋವರ ಸೇರುತ್ತದೆ. ಇಂಥ ಹೊಳೆಬಾಯಿ, ಎರಡು ನೀರುಗಳ ನಡುವಿನ ಇಕ್ಕಟ್ಟು, ಜೊಂಡಿನ ಅಂಚು, ಬೀವರ್ ಗೂಡಿನ ಸುತ್ತ, ದೋಣಿಕಟ್ಟೆ ಹೆಪ್ಪುಗಟ್ಟದಂತೆ ಗುಳ್ಳೆ ಬಿಡುವ ಯಂತ್ರ ಇಟ್ಟ ಜಾಗ, ಇವೆಲ್ಲ ನಡುಚಳಿಗಾಲದಲ್ಲೂ ಮೋಸ ಮಾಡುತ್ತವೆ. ಹಿಮ ಬಿದ್ದ ಮೇಲೆ ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ ಬಿಳುಪು. ಆದ್ದರಿಂದಲೇ ಅಕ್ಟೋಬರಿನಲ್ಲಿ, ನೀರು ಇನ್ನೂ ನೀರಾಗಿರುವಾಗಲೇ ದಡ ಸುತ್ತಿ ಇವನ್ನೆಲ್ಲ ಜಿಪಿಎಸ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು. ಮನೆ ಸಾಮಾನು ಬಿಚ್ಚುವುದು ಒಂದು ವಾರ ತಡವಾದರೂ ಪರವಾಗಿಲ್ಲ.

ಕುತ್ತಿಗೆಗೆ ಐಸ್ ಪಿಕ್ (ಐಸಿಗೆ ಚುಚ್ಚಿ ಮೇಲೆ ಹತ್ತಲು ಮೊನೆಯುಳ್ಳ ಹಿಡಿಕೆಗಳು), ಮೈಮೇಲೆ ತೇಲುವ ಜಾಕೆಟ್, ಬೂಟಿಗೆ ಮುಳ್ಳು, ಕೈಗೆಟಕುವಲ್ಲಿ 50 ಅಡಿ ಹಗ್ಗ. ಪಿಕ್ಕುಗಳನ್ನು ಚೀಲದಲ್ಲಿಡುವವರನ್ನು ಕಂಡರೆ ನನಗೆ ನಗು ಬರುವುದಿಲ್ಲ. ತಣ್ಣೀರಿಗೆ ಬಿದ್ದವರ ಬಗ್ಗೆ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಜನಪ್ರಿಯಗೊಳಿಸಿದ 1-10-1 ಲೆಕ್ಕ ಇದೆ: ಉಸಿರು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪುವವರೆಗೆ ಒಂದು ಗಂಟೆ. ಆ ಹತ್ತು ನಿಮಿಷದಲ್ಲಿ ಬಂದ ದಿಕ್ಕಿಗೇ ತಿರುಗಬೇಕು, ಯಾಕೆಂದರೆ ಅಲ್ಲಿಯವರೆಗೆ ನಿಮ್ಮನ್ನು ಹೊತ್ತದ್ದು ಆ ಕಡೆಯ ಐಸು. ಪಿಕ್ ಚುಚ್ಚಿ, ಮೈ ಮಲಗುವವರೆಗೆ ಕಾಲು ಬಡಿದು, ಹೊಟ್ಟೆಯ ಮೇಲೆ ತೆವಳಿ ಹತ್ತಿ, ಎದ್ದು ನಿಲ್ಲದೆ ಉರುಳಿಕೊಂಡೇ ದೂರ ಹೋಗಬೇಕು.

ಇಂಚುಗಳ ಲೆಕ್ಕ

ಮಿನ್ನೆಸೋಟದ ಇಲಾಖೆ ಕೊಡುವ ಅಳತೆ ಹೀಗಿದೆ: ಕಾಲ್ನಡಿಗೆಗೆ 4 ಇಂಚು, ಸ್ನೋಮೊಬೈಲ್ ಅಥವಾ ಸಣ್ಣ ಎಟಿವಿಗೆ (ಎಂಥ ನೆಲದ ಮೇಲೂ ಓಡುವ ಪುಟ್ಟ ಗಾಡಿ) 5ರಿಂದ 7, ಸಣ್ಣ ಕಾರಿಗೆ 9ರಿಂದ 10, ಮಧ್ಯಮ ಗಾತ್ರದ ಟ್ರಕ್ಕಿಗೆ 13, ದೊಡ್ಡ ಟ್ರಕ್ಕು ಚಕ್ರದ ಮೇಲಿನ ಮನೆಯಾದ ವ್ಹೀಲ್‌ಹೌಸ್ ಎಳೆದುಕೊಂಡು ಹೋಗಲು 20ಕ್ಕೂ ಮೇಲೆ. ಇದೆಲ್ಲ ಹೊಸ, ತಿಳಿಯಾದ ಐಸಿಗೆ. ಹಿಮ ನೆನೆದು ಹೆಪ್ಪುಗಟ್ಟಿದ ಬಿಳಿ ಐಸಾದರೆ ಇದರ ಎರಡರಷ್ಟು. ಹೊರುವ ಶಕ್ತಿ ದಪ್ಪದ ವರ್ಗಕ್ಕೆ ಅನುಗುಣ, ಅಂದರೆ 4 ಇಂಚು 8 ಆದರೆ ಬಲ ನಾಲ್ಕು ಪಟ್ಟು. ಇದು ಕೇಳಲು ಖುಷಿ, ಆದರೆ ತಿರುವಿ ಹಾಕಿ ನೋಡಿ: ಹೊಳೆಬಾಯಿಯ ಹತ್ತಿರ 8 ಇಂಚು 4ಕ್ಕೆ ಇಳಿದಿದ್ದರೆ ಬಲ ಅರ್ಧವಲ್ಲ, ಕಾಲುಭಾಗ.

ಬೆಳೆಯುವ ವೇಗವೂ ಒಂದೇ ಸಮ ಇರುವುದಿಲ್ಲ. ತೆಳು ಐಸ್ ಹಿಮದ ಹೊದಿಕೆಯಿಲ್ಲದೆ ಬಯಲಾಗಿದ್ದು ದಿನದ ಸರಾಸರಿ ಮೈನಸ್ 8 ಡಿಗ್ರಿಯಷ್ಟಿದ್ದರೆ ದಿನಕ್ಕೆ ಸುಮಾರು ಒಂದು ಇಂಚು ಸೇರುತ್ತದೆ. ದಪ್ಪವಾದಷ್ಟೂ ಅದೇ ಐಸ್ ತನ್ನ ಕೆಳಗಿನ ನೀರಿಗೆ ಹೊದಿಕೆಯಾಗುವುದರಿಂದ ಬೆಳವಣಿಗೆ ಕುಂಟುತ್ತದೆ. ದಪ್ಪ ಇಮ್ಮಡಿಯಾಗಲು ಒಟ್ಟು ಚಳಿ ನಾಲ್ಕು ಪಟ್ಟು ಬೇಕು. ಮೇಲೆ ಹಿಮ ಬಿದ್ದರೆ ಇನ್ನೂ ನಿಧಾನ. ದಕ್ಷಿಣದಿಂದ ಬಂದವರು "ಮೈನಸ್ 25 ಇದೆ, ಇಷ್ಟೊತ್ತಿಗೆ ಎರಡಡಿ ಆಗಿರುತ್ತೆ" ಅಂತ ಥರ್ಮಾಮೀಟರ್ ನೋಡಿ ತೀರ್ಮಾನಿಸುವುದುಂಟು. ನಡುವೆ ಒಂದಡಿ ಹಿಮ ಕೂತಿದ್ದರೆ ಆ ಚಳಿ ಐಸಿನ ತಳಕ್ಕೆ ತಲುಪಿಯೇ ಇರುವುದಿಲ್ಲ.

ಹಿಮದ ಇನ್ನೊಂದು ಕಾಟ ಸ್ಲಷ್, ಅಂದರೆ ನೀರು ಬೆರೆತ ಹಿಮದ ಕೆಸರು. ಇದನ್ನು ಒಂದು ಸಣ್ಣ ಲೆಕ್ಕದಿಂದ ಮೊದಲೇ ಊಹಿಸಬಹುದು. ಐಸ್ ನೀರಿಗಿಂತ ಸ್ವಲ್ಪವೇ ಹಗುರ, 10 ಇಂಚು ದಪ್ಪದ ಹಾಳೆ ನೀರಿನ ಮಟ್ಟಕ್ಕಿಂತ ಮುಕ್ಕಾಲು ಇಂಚಿನ ಆಸುಪಾಸು ಮಾತ್ರ ಮೇಲಿರುತ್ತದೆ. ಹೊಸ ಉದುರು ಹಿಮ ಸುಮಾರು ಹತ್ತು ಇಂಚಿಗೆ ಒಂದಿಂಚು ನೀರಿನ ತೂಕ. ಅಂದರೆ ಎಂಟೊಂಬತ್ತು ಇಂಚು ಹೊಸ ಹಿಮ ಬಿದ್ದರೆ ಸಾಕು, ಆ ಹಾಳೆ ನೀರಿನ ಮಟ್ಟಕ್ಕೆ ಇಳಿಯುತ್ತದೆ. ಗಾಳಿ ಬಡಿದು ಗಟ್ಟಿಯಾದ ಹಿಮವಾದರೆ ಮೂರಿಂಚೇ ಸಾಲುತ್ತದೆ. ಬಿರುಕುಗಳಿಂದ, ನೀವೇ ಕೊರೆದ ತೂತುಗಳಿಂದ ನೀರು ಮೇಲೆ ಬಂದು ಹಿಮದ ಅಡಿಯಲ್ಲಿ ಹರಡಿಕೊಳ್ಳುತ್ತದೆ. ಮೇಲಿನ ಹಿಮ ಹೊದಿಕೆಯಾಗಿರುವುದರಿಂದ ಮೈನಸ್ 20ರಲ್ಲೂ ಅದು ಹೆಪ್ಪುಗಟ್ಟುವುದಿಲ್ಲ. ಸ್ನೋಮೊಬೈಲ್ ಅದರೊಳಗೆ ನಿಂತಿತೆಂದರೆ ಪಟ್ಟಿ ಪೂರ್ತಿ ಸ್ಲಷ್ ಮೆತ್ತಿಕೊಂಡು, ಹೊರಗೆಳೆದ ಹತ್ತು ನಿಮಿಷಕ್ಕೆ ಕಲ್ಲಾಗುತ್ತದೆ. ಹಿಂದೆ ಬೂದುಬಣ್ಣದ ಜಾಡು ಕಂಡರೆ ಆಕ್ಸಿಲರೇಟರ್ ಬಿಡಬಾರದು, ನಿಲ್ಲದೆ ದೊಡ್ಡ ಸುತ್ತು ಹಾಕಿ ವಾಪಸು ಬರಬೇಕು. ಸಿಕ್ಕಿಕೊಂಡೇಬಿಟ್ಟರೆ ಸುತ್ತ ಹಿಮ ತುಳಿದು ತೆಗೆದು, ಗಾಡಿಯನ್ನು ಪಕ್ಕಕ್ಕೆ ಎತ್ತಿಟ್ಟು, ಆ ಜಾಗ ಗಾಳಿಗೆ ಗಟ್ಟಿಯಾಗುವವರೆಗೆ ಕಾಯುವುದಷ್ಟೇ ದಾರಿ.

ಗಾಡಿ ಓಡಿಸುವ ವೇಗದಲ್ಲಿ ಆಳವಿಲ್ಲದ ಸರೋವರದ ಇನ್ನೊಂದು ಗುಟ್ಟಿದೆ. ಗಾಡಿ ಚಲಿಸಿದಾಗ ಐಸ್ ಕೊಂಚ ಬಾಗಿ ಅದರಡಿ ನೀರಿನಲ್ಲಿ ಅಲೆಯೊಂದು ಏಳುತ್ತದೆ. ಆಳ ಕಡಿಮೆಯಾದಷ್ಟೂ ಈ ಅಲೆಯ ವೇಗ ಕಡಿಮೆ. 10 ಅಡಿ ನೀರಿನಲ್ಲಿ ಅದು ಗಂಟೆಗೆ ಹೆಚ್ಚುಕಮ್ಮಿ 20 ಕಿಲೋಮೀಟರ್. ನಿಮ್ಮ ವೇಗವೂ ಅಷ್ಟೇ ಆದರೆ ಅಲೆ ಗಾಡಿಯ ಅಡಿಯಲ್ಲೇ ದೊಡ್ಡದಾಗುತ್ತಾ ಹೋಗಿ ಐಸನ್ನು ಬಿರಿಸುತ್ತದೆ, ಇಲ್ಲವೇ ದಡಕ್ಕೆ ಬಡಿದು ಅಲ್ಲಿ ಒಡೆಯುತ್ತದೆ. ಆಳದ ನೀರಿನ ಮೇಲೆ ಓಡಿಸಿದ ಅಭ್ಯಾಸದಲ್ಲಿ ಇಲ್ಲಿ 25-30ರಲ್ಲಿ ಹೋಗುವವರಿದ್ದಾರೆ. ರೆಸಾರ್ಟಿನ ಐಸ್ ರಸ್ತೆಯಲ್ಲಿ ಹಾಕಿರುವ ವೇಗಮಿತಿ ಅಲಂಕಾರಕ್ಕಲ್ಲ. ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮುಂದಿನ ಗಾಡಿಯಿಂದ ದೂರ ಉಳಿದು, ನಿಧಾನ. ಗಾಡಿ ಮುಳುಗಿದರೆ 30 ದಿನದೊಳಗೆ ಮೇಲೆತ್ತಿಸುವುದು ಮಾಲೀಕನ ಹೊಣೆ ಅನ್ನುತ್ತದೆ ಮಿನ್ನೆಸೋಟದ ಕಾನೂನು, ಖರ್ಚೂ ಅವನದೇ.

ಗೆರೆಗಳು

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಮಿನ್ನೆಸೋಟದಲ್ಲಿ ಸ್ಥಳೀಯರ ದರದ ಲೈಸೆನ್ಸ್ ಬೇಕಾದರೆ 60 ದಿನ ಅಲ್ಲಿ ವಾಸವಾಗಿರಬೇಕು; ವಿಸ್ಕಾನ್ಸಿನ್‌ನಲ್ಲಿ 30 ದಿನ. ಅಕ್ಟೋಬರ್ ಕೊನೆಗೆ ಬಂದಿಳಿದವರಿಗೆ ಮೊದಲ ಐಸಿನ ಹೊತ್ತಿಗೆ ಹೊರಗಿನವರ ಲೈಸೆನ್ಸೇ ಗತಿ. ವಿಸ್ಕಾನ್ಸಿನ್‌ನಲ್ಲಿ ಮೂರು ದಾರ ಹಾಕಿ ರೂಢಿಯಾದವರು ಇಲ್ಲಿ ಎರಡಕ್ಕೆ ನಿಲ್ಲಬೇಕು. ಟಿಪ್-ಅಪ್ (ಮೀನು ಕಚ್ಚಿದಾಗ ಬಾವುಟ ಏಳಿಸುವ ಸಾಧನ) ಇಟ್ಟರೆ ನೀವು ಅದರಿಂದ 200 ಅಡಿಯೊಳಗೇ ಇರಬೇಕು. ಒಳನಾಡಿನ ನೀರುಗಳಲ್ಲಿ ವಾಲೈ ಮೀನಿನ ಋತು ಫೆಬ್ರವರಿಯ ಕೊನೆಯ ಭಾನುವಾರಕ್ಕೆ ಮುಗಿಯುತ್ತದೆ, ಕ್ರಾಪಿ ಮತ್ತು ಪರ್ಚ್‌ಗೆ ಆ ತಡೆಯಿಲ್ಲ. ಹಳೆಯ ಊರಿನಲ್ಲಿ ಉಳಿದ ಮಿನ್ನೋಗಳನ್ನು (ಎರೆಗೆ ಬಳಸುವ ಸಣ್ಣ ಮೀನು) ಬಕೆಟಿನಲ್ಲಿ ತುಂಬಿಕೊಂಡು ಬರುವಂತಿಲ್ಲ, ಜೀವಂತ ಮಿನ್ನೋವನ್ನು ಹೊರರಾಜ್ಯದಿಂದ ತರುವುದು ನಿಷಿದ್ಧ. ಸರೋವರದ ನೀರನ್ನೂ ಹೊತ್ತು ಹೊರಡುವಂತಿಲ್ಲ. ಮಿನ್ನೋ ಉಳಿಸಿಕೊಳ್ಳಬೇಕೆಂದರೆ ದಡದಲ್ಲೇ ಆ ನೀರು ಚೆಲ್ಲಿ ಮನೆಯಿಂದ ತಂದ ನೀರು ತುಂಬಬೇಕು.

ಬೇಗ ಮುಗಿಸಬಾರದ ಗೆರೆ ಒಂದಿದೆ. ಅಪ್ಪರ್ ರೆಡ್‌ನ ಪೂರ್ವಭಾಗ ಮಾತ್ರ ರಾಜ್ಯದ್ದು. ಉಳಿದದ್ದೂ, ಪಕ್ಕದ ಇಡೀ ಲೋವರ್ ರೆಡ್ ಸಹ, ಅಲ್ಲಿನ ಮೂಲನಿವಾಸಿ ಬುಡಕಟ್ಟಾದ ರೆಡ್ ಲೇಕ್ ನೇಷನ್‌ನ ನೀರು, ಹೊರಗಿನವರು ಅಲ್ಲಿ ಗಾಳ ಹಾಕುವಂತಿಲ್ಲ. ಬಿಳಿ ಬಯಲಿನಲ್ಲಿ ಆ ಗೆರೆ ಕಣ್ಣಿಗೆ ಕಾಣುವುದಿಲ್ಲ, ಜಿಪಿಎಸ್‌ನಲ್ಲಿ ಹಾಕಿಟ್ಟುಕೊಂಡೇ ಹೊರಡಬೇಕು. ಇದು ಬರೀ ದಂಡದ ಮಾತಲ್ಲ. ಇಲ್ಲಿನ ವಾಲೈ ಸಂತತಿ ವಿಪರೀತ ಹಿಡಿದು ಕುಸಿದುಬಿದ್ದಿತ್ತು. ಬುಡಕಟ್ಟಿನವರೂ ರಾಜ್ಯದವರೂ ಸೇರಿ 1999ರಲ್ಲಿ ವಾಲೈ ಹಿಡಿಯುವುದನ್ನೇ ನಿಲ್ಲಿಸಿ, ಮರಿ ಬಿಟ್ಟು, ಕಾದು, 2006ರಲ್ಲಿ ಮತ್ತೆ ತೆರೆದರು. ಆ ನಡುವೆ ಕ್ರಾಪಿ ಹೇರಳವಾಗಿ ಬೆಳೆದು ಜನ ಅದಕ್ಕಾಗಿಯೇ ಮುಗಿಬೀಳುತ್ತಿದ್ದರು. ಇವತ್ತು ಮಿತಿ ಎಷ್ಟು, ಯಾವ ಉದ್ದದ ಮೀನು ಬಿಡಬೇಕು ಅನ್ನುವ ನಿಯಮ ಈ ಸರೋವರಕ್ಕೇ ಪ್ರತ್ಯೇಕವಾಗಿದ್ದು ಆಗಾಗ ಬದಲಾಗುತ್ತದೆ. ಪ್ರತಿ ಋತುವಿನ ಆರಂಭದಲ್ಲಿ ಇಳಿದಾಣದ ಫಲಕ ಓದದೆ ಮುಂದೆ ಹೋಗಬಾರದು.

ಹತ್ತು ಅಡಿ ನೀರಿನ ಮೀನು

ಈಗ ಮೀನಿಗೆ ಬರೋಣ. ಮೆಂಡೋಟಾದಲ್ಲಿ ಪರ್ಚ್ ಗುಂಪನ್ನು 60 ಅಡಿ ಆಳದಲ್ಲಿ ಹುಡುಕಿ ಪಳಗಿದವರ ಫ್ಲ್ಯಾಶರ್ (ಮೀನು ತೋರಿಸುವ ಸೋನಾರ್ ಪರದೆ) ಅಭ್ಯಾಸ ಇಲ್ಲಿ ಕೈಕೊಡುತ್ತದೆ. 20 ಡಿಗ್ರಿ ಕೋನದ ಸೋನಾರ್ 60 ಅಡಿ ಕೆಳಗೆ 21 ಅಡಿ ಅಗಲದ ವೃತ್ತ ನೋಡುತ್ತದೆ. ಅದೇ ಯಂತ್ರ 10 ಅಡಿ ನೀರಿನಲ್ಲಿ ನೋಡುವುದು ಮೂರೂವರೆ ಅಡಿ. ಪರದೆ ಖಾಲಿಯಿದ್ದರೆ ಅಲ್ಲಿ ಮೀನಿಲ್ಲ ಎಂದರ್ಥವಲ್ಲ, ತೂತಿನ ನೇರ ಕೆಳಗಿಲ್ಲ ಅಂತಷ್ಟೆ. ಎರಡು ಮಾರು ಆಚೆ ಗುಂಪೇ ಹಾದುಹೋದರೂ ಕಾಣುವುದಿಲ್ಲ. ಹಾಗಾಗಿ ಇಲ್ಲಿ ಪರದೆ ನೋಡುತ್ತಾ ಕೂರುವುದಕ್ಕಿಂತ ತೂತು ಹೆಚ್ಚು ಹಾಕುವುದೇ ಹುಡುಕಾಟ.

ಆದರೆ ತೂತು ಹಾಕುವ ಸದ್ದೇ ಇಲ್ಲಿ ಶತ್ರು. ಆರೇಳು ಅಡಿ ನೀರಿನಲ್ಲಿ ತಲೆಯ ಮೇಲೆ ಆಗರ್ ಗುರುಗುಟ್ಟಿದರೆ ವಾಲೈ ಜಾಗ ಖಾಲಿಮಾಡುತ್ತದೆ. ಅದಕ್ಕೇ ಬಲ್ಲವರು ಬಂದ ಕೂಡಲೇ ಹತ್ತು ಹನ್ನೆರಡು ತೂತುಗಳನ್ನು ಒಂದೇ ಸಲಕ್ಕೆ ಕೊರೆದು ಮುಗಿಸುತ್ತಾರೆ. ಇಳಿಜಾರಿನ ಅಡ್ಡಕ್ಕೆ, ಆರು ಅಡಿಯಿಂದ ಹತ್ತು ಹನ್ನೆರಡು ಅಡಿ ಆಳದವರೆಗೆ ಒಂದು ಸಾಲು. ಆಮೇಲೆ ಆಗರನ್ನು ಮುಟ್ಟುವುದಿಲ್ಲ. ಮೊದಲ ತೂತಿಗೆ ವಾಪಸು ಬಂದು, ಜಾಲರಿ ಸೌಟಿನಿಂದ ಐಸಿನ ಪುಡಿ ತೆಗೆದು, ಪೂರ್ತಿ ತೆಗೆಯದೆ ಒಂದಿಷ್ಟು ಮೇಲೆ ತೇಲಲು ಬಿಡುತ್ತಾರೆ. ನೀರಿಗೆ ಒಮ್ಮೆಲೆ ಬೀಳುವ ಬೆಳಕಿನ ಕಂಬವನ್ನು ಅದು ಮರೆಮಾಡುತ್ತದೆ. ಇಪ್ಪತ್ತು ನಿಮಿಷ ಒಂದೂ ಕಚ್ಚದಿದ್ದರೆ ಮುಂದಿನ ತೂತು. ಗುಡಾರವನ್ನು ಮೊದಲೇ ಕಟ್ಟುವವರು ಆ ಒಂದೇ ತೂತಿಗೆ ಮದುವೆಯಾದಂತೆ.

ನೀರಿನ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಸುತ್ತಲಿನ ಜೌಗುನೆಲದ ಕಸರು ಇಳಿದು ಅಪ್ಪರ್ ರೆಡ್ ನೀರು ಕಂದು. ಮಂದ ಬೆಳಕಿನಲ್ಲಿ ಚೆನ್ನಾಗಿ ನೋಡುವ ಕಣ್ಣು ವಾಲೈಗೆ ಇರುವುದರಿಂದ ತಿಳಿನೀರಿನ ಸರೋವರಗಳಲ್ಲಿ ಅದು ಸಂಜೆ ಮತ್ತು ಮುಂಜಾವಿನ ಮೀನು. ಇಲ್ಲಿ ನೀರೇ ಬೆಳಕನ್ನು ಸೋಸುವುದರಿಂದ ನಡುಹಗಲಲ್ಲೂ ಕಚ್ಚುತ್ತದೆ. ಬಂಗಾರದ ಬಣ್ಣ, ಗುಲಾಬಿ, ಕತ್ತಲಲ್ಲಿ ಹೊಳೆಯುವ ಸ್ಪೂನುಗಳು (ಲೋಹದ ಹುಸಿ ಎರೆ) ನಡೆಯುತ್ತವೆ. ತಿಳಿನೀರಿಗೆಂದು ಜೋಡಿಸಿಟ್ಟ ಮಂಕು ಬಣ್ಣಗಳು ಡಬ್ಬಿಯಲ್ಲೇ ಉಳಿಯುತ್ತವೆ. ಪರ್ಚ್‌ಗೆ ಬಳಸುತ್ತಿದ್ದ 2-3 ಪೌಂಡ್ ದಾರ, ಟಂಗ್‌ಸ್ಟನ್ ಜಿಗ್ (ಭಾರದ ತಲೆಯ ಗಾಳ), 24 ಇಂಚಿನ ಬಳುಕುವ ಕೋಲು ಕ್ರಾಪಿಗೆ ಇರಲಿ. ವಾಲೈಗೆ 6 ಪೌಂಡ್ ದಾರ, 28ರಿಂದ 32 ಇಂಚಿನ ಮಧ್ಯಮ ಬಿಗಿಯ ಕೋಲು, ಕಾಲು ಔನ್ಸಿನವರೆಗಿನ ಸ್ಪೂನಿಗೆ ಶೈನರ್ ಮೀನಿನ ತಲೆ. ಎರಡನೇ ದಾರವನ್ನು ಕೆಲವು ಅಡಿ ದೂರದ ತೂತಿನಲ್ಲಿ, ಬೆನ್ನುಮುಳ್ಳಿನ ಕೆಳಗೆ ಸಿಕ್ಕಿಸಿದ ಜೀವಂತ ಮಿನ್ನೋ ಹಾಕಿ, ತಳದಿಂದ ಅರ್ಧ ಅಡಿ ಮೇಲೆ ಸುಮ್ಮನೆ ಬಿಡುವುದು. ಕುಣಿಯುವ ಸ್ಪೂನು ಮೀನನ್ನು ಕರೆಯುತ್ತದೆ, ಅದನ್ನು ಕಚ್ಚಲು ಮನಸ್ಸಾಗದ ಮೀನು ಪಕ್ಕದ ಮಿನ್ನೋಗೆ ಬಾಯಿ ಹಾಕುತ್ತದೆ. ಇರುವ ಎರಡೇ ದಾರವನ್ನು ಒಂದೇ ರೀತಿ ಬಳಸುವುದು ದಂಡ.

ಆಳವಿಲ್ಲದ ನೀರಿನ ಒಂದು ಉಪಕಾರ ಹೇಳಲೇಬೇಕು. 30 ಅಡಿಗಿಂತ ಆಳದಿಂದ ಎಳೆದ ಮೀನಿನ ಗಾಳಿಚೀಲ ಉಬ್ಬಿ ಅದು ಬಿಟ್ಟರೂ ಬದುಕುವ ಭರವಸೆ ಕಡಿಮೆ, ಹಾಗಾಗಿ ಅಲ್ಲಿ ಮಿತಿ ತುಂಬಿದ ಕೂಡಲೇ ದಾರ ಸುತ್ತಬೇಕು. ಇಲ್ಲಿ ಆ ತೊಂದರೆಯಿಲ್ಲ. ಆದರೆ ಬಿಡಬೇಕಾದ ಮೀನನ್ನು ಮೈನಸ್ 20ರ ಗಾಳಿಯಲ್ಲಿ ಹಿಮದ ಮೇಲೆ ಮಲಗಿಸಿ ಫೋಟೋ ತೆಗೆಯುತ್ತಾ ನಿಂತರೆ ಕಿವಿರು, ಕಣ್ಣು ಹೆಪ್ಪುಗಟ್ಟಿ ಫಲ ಅದೇ.

ಸಲಕರಣೆ, ಚಳಿ, ಉಸಿರು

ಡ್ರಿಲ್‌ಗೆ ಸಿಕ್ಕಿಸುವ 6 ಇಂಚಿನ ಹಗುರ ಆಗರ್ ದಕ್ಷಿಣದ ಒಂದಡಿ ಐಸಿಗೆ ಬಲು ಚೆಂದ. ಉತ್ತರದಲ್ಲಿ ಫೆಬ್ರವರಿಗೆ ಎರಡೂವರೆ, ಮೂರು ಅಡಿಯಾದಾಗ ಆಗರ್ ಹಿಡಿಕೆಯವರೆಗೂ ಇಳಿದು ನೀರು ಸಿಗದೆ ನಿಲ್ಲುತ್ತದೆ. 12 ಇಂಚಿನ ಎಕ್ಸ್‌ಟೆನ್ಶನ್ ಮೊದಲೇ ತೆಗೆದಿಟ್ಟುಕೊಳ್ಳಿ. ಡ್ರಿಲ್ಲಿನ ಹಿಡಿತ ಸಡಿಲಾದರೆ ಆಗರ್ ಒಂದೇ ಕ್ಷಣದಲ್ಲಿ ತಳ ಸೇರುತ್ತದೆ, ಅದನ್ನು ತಡೆಯುವ ಅಗಲ ಬಿಲ್ಲೆಯಿಲ್ಲದೆ ಕೊರೆಯಬಾರದು. ಪಕ್ಕದ ಹಿಡಿಕೆ ಕಳಚಿಟ್ಟರೆ ಅಲಗು ಸಿಕ್ಕಿಕೊಂಡಾಗ ತಿರುಚುವುದು ನಿಮ್ಮ ಮುಂಗೈ. ಅಲಗಿಗೆ ಮೆತ್ತಿದ ಐಸನ್ನು ಬಿಡಿಸಲು ಆಗರನ್ನು ಐಸಿನ ಮೇಲೆ ಕುಟ್ಟುವ ಚಟ ಹಲವರಿಗಿದೆ. ಅಲಗಿನ ಕೋನ ಕೂದಲೆಳೆಯಷ್ಟು ಬದಲಾದರೂ ಅದು ಆಮೇಲೆ ಕೊರೆಯುವುದಿಲ್ಲ, ತಿರುಗುತ್ತದೆ ಅಷ್ಟೆ. ದಡದ ಹತ್ತಿರ ಮರಳು ಸೇರಿದ ಐಸಿನಲ್ಲಿ ಕೊರೆದರೆ ಹೊಸ ಅಲಗೂ ಒಂದೇ ತೂತಿಗೆ ಮೊಂಡು. ಲಿಥಿಯಂ ಬ್ಯಾಟರಿಯನ್ನು ಒಳಜೇಬಿನಲ್ಲಿಟ್ಟುಕೊಳ್ಳಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜಿಗೆ ಹಾಕಿದರೆ ಒಳಗೆ ಲೋಹ ಕೂತು ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ. ಮನೆಗೆ ತಂದು ಬೆಚ್ಚಗಾದ ಮೇಲೆ ಚಾರ್ಜರ್.

ಗುಡಾರದೊಳಗೆ ಪ್ರೊಪೇನ್ ಹೀಟರ್ ಹಚ್ಚಿದಾಗ ಮೇಲೊಂದು ಕೆಳಗೊಂದು ಕಿಂಡಿ ತೆರೆದಿರಲೇಬೇಕು, ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ನೇತಾಡುತ್ತಿರಲೇಬೇಕು. ಚಳಿ ಹೆಚ್ಚಿದಷ್ಟೂ ಜನ ಕಿಂಡಿ ಮುಚ್ಚುತ್ತಾರೆ, ಹಿಮ ಬಂದು ಉಳಿದದ್ದನ್ನೂ ಮುಚ್ಚುತ್ತದೆ. ತಲೆನೋವು ಬಂದರೆ ಅದು ಚಳಿಗೆ ಅಂದುಕೊಂಡು ಕೂರುವುದಲ್ಲ, ಮೊದಲು ಹೊರಗೆ ಬರುವುದು. ಬಯಲು ಸರೋವರದ ಗಾಳಿಗೆ ಗುಡಾರದ ಮೊದಲ ಮೊಳೆಯನ್ನು ಗಾಳಿ ಬರುವ ಕಡೆಗೆ ತಿರುಪಿ ಹಾಕಿ, ಆಮೇಲೆ ಬಟ್ಟೆ ಬಿಚ್ಚಬೇಕು. ತಿರುಗುಮುರುಗು ಮಾಡಿದವರ ಗುಡಾರ ಮೈಲಿ ದೂರದ ದಡದಲ್ಲಿ ಸಿಗುತ್ತದೆ.

ಇನ್ನು ವ್ಹೀಲ್‌ಹೌಸ್. ಹೊಸ ಹಳ್ಳಿಗೆ ಬಂದ ಉತ್ಸಾಹದಲ್ಲಿ ಮೊದಲ ವರ್ಷವೇ ಮಂಚ, ಒಲೆ ಇರುವ ಚಕ್ರದ ಮನೆ ಕೊಳ್ಳುವುದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು 20 ಇಂಚು ಬೇಡುವ ಭಾರ. ಆ ಇಂಚುಗಳು ಎಲ್ಲಿ, ಯಾವಾಗ ಬರುತ್ತವೆ, ಯಾವ ಬಿರುಕು ಪ್ರತಿ ವರ್ಷ ಅದೇ ಜಾಗದಲ್ಲಿ ಏಳುತ್ತದೆ ಅನ್ನುವುದು ಗೊತ್ತಿಲ್ಲದವರ ಕೈಯಲ್ಲಿ ಅದು ದುಬಾರಿ ಲಂಗರು. ರಾತ್ರಿ ಬಿಟ್ಟುಬರುವ ಗುಡಾರಕ್ಕೆ ಲೈಸೆನ್ಸ್, ಹೊರಗೋಡೆಯಲ್ಲಿ ದೊಡ್ಡಕ್ಷರದ ಗುರುತು, ಪ್ರತಿ ಬದಿಗೂ ಬೆಳಕಿಗೆ ಹೊಳೆಯುವ ಪಟ್ಟಿ ಬೇಕು. ರಾಜ್ಯದ ಉತ್ತರಭಾಗದಲ್ಲಿ ಮಾರ್ಚಿನ ಮೂರನೇ ಸೋಮವಾರಕ್ಕೆ ಎಲ್ಲವೂ ಐಸಿನಿಂದ ಹೊರಗಿರಬೇಕು, ಅಡಿಗೆ ಕೊಟ್ಟ ಮರದ ತುಂಡುಗಳೂ ಸೇರಿ. ಆ ತುಂಡುಗಳು ಹಗಲ ಬಿಸಿಲಿಗೆ ಐಸಿನೊಳಗೆ ಇಳಿದು ರಾತ್ರಿ ಬೆಸೆದುಕೊಳ್ಳುತ್ತವೆ. ಗಡುವಿನ ಹಿಂದಿನ ದಿನ ಹಾರೆ ಹಿಡಿದು ಬೆವರುವವರು ಅಷ್ಟೊತ್ತಿಗೆ ದಡದ ಐಸ್ ಬಿಟ್ಟುಕೊಂಡು ಗಾಡಿ ಇಳಿಸಲಾಗದೆ ಪರದಾಡುತ್ತಾರೆ. ಮಾರ್ಚಿನ ಐಸ್ ಎರಡಡಿ ಇದ್ದರೂ ಬಿಸಿಲಿಗೆ ನಿಲುಗಂಬಿಗಳಾಗಿ ಬಿಡಿಸಿಕೊಂಡಿರುತ್ತದೆ, ಜನವರಿಯ ಇಂಚಿನ ಲೆಕ್ಕ ಅದಕ್ಕೆ ಅನ್ವಯಿಸುವುದಿಲ್ಲ. ಮೊದಲ ಚಳಿಗಾಲ ರೆಸಾರ್ಟಿನವರ ದಿನಬಾಡಿಗೆಯ ಮನೆಯೋ ಎಳೆದೊಯ್ಯುವ ಮಡಚು ಗುಡಾರವೋ ಸಾಕು. ದಾರಿ ಯಾವುದನ್ನು ಮುಚ್ಚಿದರು, ಸೇತುವೆಯ ಹಲಗೆಯನ್ನು ಬಿರುಕಿನ ಮೇಲೆ ಎಲ್ಲಿಂದ ಎಲ್ಲಿಗೆ ಸರಿಸಿದರು, ಯಾವ ದಿನ ಗಾಡಿ ಬಿಡುವುದನ್ನು ನಿಲ್ಲಿಸಿದರು ಅಂತ ದಿನಾಂಕ ಹಾಕಿ ಬರೆದಿಟ್ಟುಕೊಂಡರೆ, ಮನೆ ಕೊಳ್ಳುವುದೋ ಬೇಡವೋ ಅನ್ನುವುದನ್ನು ಮುಂದಿನ ಅಕ್ಟೋಬರಿನಲ್ಲಿ ಯೋಚಿಸಬಹುದು.